‘ಚೋಮನ ದುಡಿ’ಯಲ್ಲಿ ಸಂಸ್ಕೃತಿಯ ಸ್ವರೂಪ

ಸಂಸ್ಕೃತಿಯೆಂದರೇನು ಎಂಬ ಪ್ರಶ್ನೆಗೆ ನಮ್ಮ ತರಗತಿಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಉತ್ತರಗಳು ದೊರೆಯುತ್ತವೆ. ಶ್ರೇಷ್ಠ ವಿಚಾರಗಳ ಪರಿಚಯದಿಂದ ಮನುಷ್ಯನು ತನ್ನನ್ನು ಪರಿಪೂರ್ಣತೆಯೆಡೆಗೆ ತಿದ್ದಿಕೊಳ್ಳುವ ಸಾಧನೆಯೇ ಸಂಸ್ಕೃತಿ ಎಂಬುದು ೧೮೬೯ರಲ್ಲಿ ಮ್ಯಾಥ್ಯೂ ಆರ್ನಲ್ಡ್ ಪ್ರತಿಪಾದಿಸಿದ ಉತ್ತರ. ಸಮಾಜದ ಸದಸ್ಯನಾಗಿ ಮನುಷ್ಯನು ಪಡೆದುಕೊಂಡ ನಂಬಿಕೆ, ಕಲೆ, ನೀತಿ, ಕಟ್ಟಳೆ, ರೂಢಿ ಇವೆಲ್ಲವುಗಳ ಸಮಗ್ರ ರೂಪವೇ ಸಂಸ್ಕೃತಿ ಎಂಬುದು ೧೮೭೧ರಲ್ಲಿ ಎಡ್ವರ್ಡ್ ಟೈಲರ್ ಕೊಟ್ಟ ಉತ್ತರ. ಮೊದಲನೆಯ ಅರ್ಥದಲ್ಲಿ ಸಂಸ್ಕೃತಿ ಕೆಲವರಿಗೆ ಉಂಟು, ಹಲವರಿಗೆ ಇಲ್ಲ. ಎರಡನೆಯ ಅರ್ಥದಲ್ಲಿ ಅದಿಲ್ಲದ ಮನುಷ್ಯನೇ ಇಲ್ಲ. ಈ ಎರಡನ್ನೂ ಕಂಠಪಾಠ ಮಾಡಿದ ವಿದ್ಯಾರ್ಥಿಗೆ, ಸಂಸ್ಕೃತಿಯು ಒಬ್ಬ ಮನುಷ್ಯನನ್ನು ಹೇಗೆ ರೂಪಿಸುತ್ತದೆ ಎಂಬುದು ಮಾತ್ರ ತಿಳಿಯದೆ ಉಳಿಯುತ್ತದೆ. ಇದನ್ನು ಅರಿಯಲು ಲಕ್ಷಣಕ್ಕಿಂತ ಲಕ್ಷ್ಯವೇ ಉತ್ತಮವಾದ ದಾರಿ. ಶಿವರಾಮ ಕಾರಂತರು ೧೯೩೩ರಲ್ಲಿ ಪ್ರಕಟಿಸಿದ ‘ಚೋಮನ ದುಡಿ’ಯನ್ನು ಈ ದೃಷ್ಟಿಯಿಂದ ನಾವು ಇಲ್ಲಿ ಪರಿಶೀಲಿಸಬಯಸುತ್ತೇವೆ.

ಕಾದಂಬರಿಯ ಕಥೆ ಓದುಗರಿಗೆ ವಿದಿತವಾದುದೇ. ದಕ್ಷಿಣ ಕನ್ನಡದ ಒಬ್ಬ ಧಣಿಯ ಆಳಾದ ಚೋಮನು ಅಸ್ಪೃಶ್ಯನೆಂದು ಎಣಿಸಲ್ಪಟ್ಟವನು. ಅವನ ಬಾಳಿನ ಆಸೆ ಒಂದೇ: ಒಂದು ತುಂಡು ಗದ್ದೆಯನ್ನು ತಾನೇ ಉತ್ತು ಬೇಸಾಯ ಮಾಡಬೇಕು. ಅದಕ್ಕೆಂದೇ ಒಂದು ಜೊತೆ ಎತ್ತುಗಳನ್ನು ಸಾಕಿಕೊಂಡಿದ್ದಾನೆ. ಧಣಿ ಸಂಕಪ್ಪಯ್ಯನು ಕ್ರೂರಿಯಲ್ಲ. ಚೋಮನ ಬೇಡಿಕೆಗೆ ಅವನ ಮನಸ್ಸು ಒಲಿಯುತ್ತದೆ ಕೂಡ. ಆದರೆ ಅವನ ತಾಯಿ ಒಪ್ಪುವುದಿಲ್ಲ. ಆ ಜಾತಿಯವನು ಬೇಸಾಯಗಾರನಾಗುವುದು ಆಕೆಯ ಪಾಲಿಗೆ ಧರ್ಮಕ್ಕೆ ಹೊರತು; ತಾಯಿಯ ಮಾತನ್ನು ಮೀರುವುದು ಮಗನ ಪಾಲಿಗೆ ಧರ್ಮಕ್ಕೆ ಹೊರತು. ಇಲ್ಲಿ ಚೋಮನನ್ನು ತಡೆದುದು ದುಷ್ಟತನವಲ್ಲ, ಸಂಸ್ಕಾರ. ಸಂಕಪ್ಪಯ್ಯನ ಮಾತೃಭಕ್ತಿಯನ್ನು ನಾವು ಬೇರೆಡೆಯಲ್ಲಿ ಕಂಡಿದ್ದರೆ ಸದ್ಗುಣವೆಂದೇ ಕೊಂಡಾಡುತ್ತಿದ್ದೆವು. ಒಬ್ಬನ ಸದ್ಗುಣವೇ ಇನ್ನೊಬ್ಬನ ಬಾಳಿಗೆ ಕೊಡಲಿಯಾಗುವ ಈ ಪರಿಯನ್ನು ಆರ್ನಲ್ಡನ ಲಕ್ಷಣವಾಗಲಿ ಟೈಲರನ ಲಕ್ಷಣವಾಗಲಿ ನಮಗೆ ಕಾಣಿಸಿಕೊಡದು.

ಚೋಮನ ಮಗ ನೀಲನು ನೀರಿನಲ್ಲಿ ಮುಳುಗುವ ಸನ್ನಿವೇಶದಲ್ಲಿ ಈ ವಿಷಯ ಇನ್ನೂ ಘೋರವಾಗಿ ವ್ಯಕ್ತವಾಗುತ್ತದೆ. ದಡದಲ್ಲಿದ್ದ ಮೇಲುಜಾತಿಯವರು ಮೈಲಿಗೆಯ ಅಂಜಿಕೆಯಿಂದ ಅವನನ್ನು ಎತ್ತುವುದಿಲ್ಲ. ಸಂಸ್ಕೃತಿಯು ಮನುಷ್ಯನ ವಿಚಾರಗಳನ್ನಷ್ಟೇ ರೂಪಿಸುತ್ತದೆಂದು ತಿಳಿಯುವವರು ಈ ಪ್ರಕರಣವನ್ನು ಮತ್ತೊಮ್ಮೆ ಓದಬೇಕು. ಅದು ಕೈಯನ್ನೂ ರೂಪಿಸುತ್ತದೆ. ಚಾಚಬೇಕಾದ ಕೈ ತಾನಾಗಿಯೇ ಹಿಂದೆಗೆಯುವಂತೆ ಅದನ್ನು ಪಳಗಿಸಿರುತ್ತದೆ.

ಚೋಮನಾದರೂ ಇದಕ್ಕೆ ಹೊರಗಿನವನಲ್ಲ. ಮತಾಂತರಗೊಂಡರೆ ಭೂಮಿ ದೊರೆಯುವ ಸಂಭವವಿದೆ. ಅವನು ಇಗರ್ಜಿಯ ಕಡೆಗೆ ಹೊರಡುತ್ತಾನೆ. ಆದರೆ ಪಂಜುರ್ಲಿಯ ಮೇಲಣ ಭಯಭಕ್ತಿ ಅವನನ್ನು ಹಿಂದಕ್ಕೆ ಸೆಳೆಯುತ್ತದೆ. ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವವರುಂಟು. ಲೇಖಕರು ಚೋಮನನ್ನು ಬೇಕೆಂದೇ ಸೋಲಿಸಿದರೆಂದು ಆಕ್ಷೇಪಿಸುವವರೂ ಉಂಟು. ನಮಗೆ ತೋರುವುದು ಬೇರೆ. ಗದ್ದೆಯಿಲ್ಲದ, ಸಾಲದಿಂದ ಬಿಡುಗಡೆಯಿಲ್ಲದ ಚೋಮನಿಗೆ ತನ್ನದೆಂದು ಹೇಳಿಕೊಳ್ಳಲು ಇದ್ದುದು ತನ್ನ ಭೂತ, ತನ್ನ ದುಡಿ. ಯಾವ ಪರಂಪರೆ ಅವನನ್ನು ಗದ್ದೆಯಿಂದ ಹೊರಗಿಟ್ಟಿತೋ ಅದೇ ಪರಂಪರೆ ಅವನಿಗೆ ‘ನಾನು’ ಎಂಬ ಅರಿವನ್ನೂ ಕೊಟ್ಟಿದೆ. ಒಂದನ್ನು ಬಿಡಬೇಕಾದರೆ ಇನ್ನೊಂದನ್ನೂ ಬಿಡಬೇಕು. ಕಾದಂಬರಿಯ ದುರಂತವಿರುವುದು ಈ ಗಂಟಿನಲ್ಲಿ.

ಹೀಗಿದ್ದರೂ ಕೃತಿಯ ಒಂದು ಕೊರತೆಯನ್ನು ನಾವು ಹೇಳದಿರಲಾರೆವು. ಅದೇ ಗುಡಿಸಲಿನಲ್ಲಿ, ಅದೇ ಪಂಜುರ್ಲಿಯ ನೆರಳಿನಲ್ಲಿ ಬೆಳೆದ ಗುರುವನು ಘಟ್ಟದ ತೋಟಕ್ಕೆ ಹೋದವನು ಕ್ರೈಸ್ತನಾಗುತ್ತಾನೆ. ತಂದೆಯನ್ನು ತಡೆದ ಶಕ್ತಿ ಮಗನನ್ನೇಕೆ ತಡೆಯಲಿಲ್ಲ? ಸಂಸ್ಕೃತಿಯು ಮನುಷ್ಯನನ್ನು ರೂಪಿಸುತ್ತದೆಯಾದರೂ ಎಲ್ಲರನ್ನೂ ಒಂದೇ ಅಚ್ಚಿನಲ್ಲಿ ಎರೆಯುವುದಿಲ್ಲ ಎಂಬುದಕ್ಕೆ ಗುರುವನೇ ಸಾಕ್ಷಿ. ಆದರೆ ಲೇಖಕರು ಅವನ ಅಂತರಂಗವನ್ನು ಹೊಕ್ಕು ನೋಡುವುದಿಲ್ಲ. ಚೋಮನ ವಿಷಯದಲ್ಲಿಯೂ, ಮಾತು ಬರಬೇಕಾದ ಎಡೆಯಲ್ಲಿ ದುಡಿಯ ನಾದ ಬರುತ್ತದೆ. ನೋವು, ಸಿಟ್ಟು, ಹರ್ಷ ಎಲ್ಲವೂ ಆ ನಾದದಲ್ಲಿ ಅಡಗಿರುವುದು ಕಲೆಯ ದೃಷ್ಟಿಯಿಂದ ಮನೋಹರವೇ ಸರಿ. ಆದರೂ ಅದು ಹೊರಗೆ ನಿಂತು ಕೇಳಿದ ನಾದ. ಒಳಗಿನಿಂದ ಬಂದ ಮಾತಿಗಾಗಿ ಕನ್ನಡವು ಬಹುಕಾಲ ಕಾಯಬೇಕಾಯಿತು. ದೇವನೂರ ಮಹಾದೇವರ ‘ಕುಸುಮಬಾಲೆ’ಯನ್ನು ಇದರೊಡನೆ ಇಟ್ಟು ಓದಿದರೆ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ.

ಕಾಲ ಬದಲಾಗಿದೆ, ಈ ಚರ್ಚೆ ಈಗ ಚರಿತ್ರೆಗೆ ಸೇರಿದ್ದು ಎನ್ನಬಹುದೆ? ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನವು ತನ್ನ ೧೭ನೆಯ ವಿಧಿಯಲ್ಲಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. ೧೯೭೪ರಲ್ಲಿ ಜಾರಿಗೆ ಬಂದ ಕರ್ನಾಟಕದ ಭೂಸುಧಾರಣೆಯ ತಿದ್ದುಪಡಿ ಉಳುವವನನ್ನು ನೆಲದ ಒಡೆಯನನ್ನಾಗಿಸಹೊರಟಿತು. ಇವೆರಡೂ ಮಹತ್ತ್ವದ ಕಾರ್ಯಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ತಿದ್ದುಪಡಿಯ ಮುಖ್ಯ ಫಲ ಸಂದುದು ಗೇಣಿದಾರನಿಗೆ. ಚೋಮನು ಕೇಳಿದ್ದು ಉಳುವುದಕ್ಕೆ ಒಂದು ಗದ್ದೆ. ಅದೂ ಸಿಗದೆ ಅವನು ಗೇಣಿದಾರನೂ ಆಗಲಿಲ್ಲ. ಒಬ್ಬ ತಾಯಿಯ ನಿರಾಕರಣೆಯಂತಹ ಸಹಸ್ರ ನಿರಾಕರಣೆಗಳು, ಕಾನೂನು ಬರುವ ಮುನ್ನವೇ, ಅದರ ಫಲ ಯಾರಿಗೆ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸಿಬಿಟ್ಟಿದ್ದವು.

ಆಂಗ್ಲರ ‘ಕಲ್ಚರ್’ ಎಂಬ ಮಾತು ಲ್ಯಾಟಿನ್ನಿನ ಬೇಸಾಯವೆಂಬ ಅರ್ಥದ ಶಬ್ದದಿಂದ ಬಂದುದೆಂದು ನಾವು ವಿದ್ಯಾರ್ಥಿಗಳಿಗೆ ಹೇಳುತ್ತಲೇ ಇರುತ್ತೇವೆ. ಹಾಗೆ ಹೇಳುವಾಗ, ಬೇಸಾಯವೊಂದನ್ನೇ ಬೇಡಿ ಅದು ದೊರೆಯದೆ ದುಡಿ ಬಾರಿಸುತ್ತಲೇ ಸತ್ತ ಈ ಮುದುಕನನ್ನೂ ನೆನೆಯುವುದು ಯುಕ್ತ. ನಮ್ಮ ಸಂಸ್ಕೃತಿ ನಮಗೆ ಏನನ್ನು ಕೊಟ್ಟಿತು ಎಂದು ಕೇಳುವುದು ಸುಲಭ. ಅದು ನಮ್ಮ ಕೈಯಿಂದ ಏನನ್ನು ಮಾಡಿಸಿತು, ಯಾರಿಗೆ ಏನನ್ನು ಕೊಡಗೊಡಲಿಲ್ಲ ಎಂದು ಕೇಳಿದಾಗಲೇ ಅದರ ಅಧ್ಯಯನ ಪ್ರಾರಂಭವಾಗುತ್ತದೆಂದು ನಾವು ನಂಬುತ್ತೇವೆ.