ಜೋಡಿಯಿಲ್ಲದ ಇಸ್ಪೀಟು ರಾಜ

ರಮ್ಮಿಯಲ್ಲಿ ಕೈ ಕೆಟ್ಟರೆ ಎಲೆ ಕೆಳಗಿಟ್ಟು ಕಾಫಿಗೆ ಏಳಬಹುದು. ಪೋಕರ್‌ನ ಸೊಗಸು ಶುರುವಾಗುವುದೇ ಕೈ ಕೆಟ್ಟ ಮೇಲೆ.

ಟೆಕ್ಸಸ್ ಹೋಲ್ಡೆಮ್‌ನಲ್ಲಿ ಒಬ್ಬೊಬ್ಬರಿಗೂ ಗುಟ್ಟಾಗಿ ಎರಡು ಎಲೆ. ಆಮೇಲೆ ಎಲ್ಲರಿಗೂ ಸಲ್ಲುವ ಮೂರು ಎಲೆಗಳನ್ನು ಮೇಜಿನ ಮೇಲೆ ಒಟ್ಟಿಗೆ ಬಿಚ್ಚುತ್ತಾರೆ; ಅದು ಫ್ಲಾಪ್. ನಂತರದ ಒಂಟಿ ಎಲೆಗಳು ಟರ್ನ್ ಮತ್ತು ರಿವರ್. ಕೈಯಲ್ಲಿ ಜೋಡಿ ಇಲ್ಲದವನಿಗೆ ಮೂರರಲ್ಲಿ ಎರಡು ಸಲ ಫ್ಲಾಪ್ ಕೈಕೊಡುತ್ತದೆ. ಎದುರಾಳಿಯ ಪಾಡೂ ಅದೇ ತಾನೆ? ಆದ್ದರಿಂದ ಮೊದಲೇ ಪಣ ಏರಿಸಿದವನು ಏನೂ ಕೂಡದಿದ್ದರೂ ಮತ್ತೆ ಕಟ್ಟುತ್ತಾನೆ. ಪಾಟ್‌ನ, ಅಂದರೆ ಮೇಜಿನ ಮೇಲೆ ಕೂಡಿದ ಪಣದ, ಅರ್ಧದಷ್ಟು ಕಟ್ಟಿದಾಗ, ಮೂರರಲ್ಲಿ ಒಂದು ಸಲಕ್ಕಿಂತ ಹೆಚ್ಚು ಎದುರಿನವನು ಎಲೆ ಎಸೆದರೆ ಲಾಭ. ಈ 'ಕಂಟಿನ್ಯುಯೇಷನ್ ಬೆಟ್' ಮನೆಮಾತಾದದ್ದು ಡ್ಯಾನ್ ಹ್ಯಾರಿಂಗ್ಟನ್ 2004ರಲ್ಲಿ ಬರೆದ ಪುಸ್ತಕದಿಂದ.

ಲೆಕ್ಕವೇನೋ ಸರಿಯೇ. ಆದರೆ ಪ್ರತಿ ಫ್ಲಾಪಿಗೂ ಯಂತ್ರದ ಹಾಗೆ ಕಟ್ಟುವವರ ಆಟ ನೋಡಲು ಬಲು ಬೇಸರ. ನನಗೆ ಎಷ್ಟು ನೋಡಿದರೂ ತೀರದ ಕೈ ಆ ಪುಸ್ತಕಕ್ಕೆ ಒಂದು ವರ್ಷ ಮೊದಲಿನದು: 2003ರ ವರ್ಲ್ಡ್ ಸೀರೀಸ್, ಲಾಸ್ ವೇಗಸ್‌ನ ಬಿನಿಯನ್ಸ್ ಹಾರ್ಸ್‌ಶೂ. 839 ಜನ ಆಡಿದ ಪಂದ್ಯ. ಇದೇ ಹ್ಯಾರಿಂಗ್ಟನ್ ಮೂರನೆಯವನಾಗಿ ಎದ್ದು ಹೋದ ಮೇಲೆ ಉಳಿದವರು ಇಬ್ಬರು. ಒಬ್ಬ ಹೊತ್ತಿಸದ ಸಿಗರೇಟನ್ನು ತುಟಿಯಲ್ಲಿ ಕಚ್ಚಿ ಕೂರುವ ವೃತ್ತಿಪರ ಸ್ಯಾಮ್ ಫರ್ಹಾ. ಇನ್ನೊಬ್ಬ ಇಂಟರ್ನೆಟ್ಟಿನ ಅರ್ಹತಾ ಪಂದ್ಯ ಗೆದ್ದು ಬಂದ ಟೆನೆಸಿಯ ಅಕೌಂಟೆಂಟ್ ಕ್ರಿಸ್ ಮನಿಮೇಕರ್. (ಹೌದು, ಅದು ಅವನ ನಿಜವಾದ ಹೆಸರೇ.) ಗೆದ್ದವನಿಗೆ 25 ಲಕ್ಷ ಡಾಲರ್, ಸೋತವನಿಗೆ 13 ಲಕ್ಷ.

ಮನಿಮೇಕರ್ ಕೈಯಲ್ಲಿ ಇಸ್ಪೀಟು ರಾಜ, ಆಟೀನು ಏಳು. ಪಣ ಏರಿಸಿದವನು ಅವನೇ. ಫ್ಲಾಪ್ ಬಿತ್ತು: ಇಸ್ಪೀಟು ಒಂಬತ್ತು, ಡೈಮಂಡ್ ಎರಡು, ಇಸ್ಪೀಟು ಆರು. ಪೂರ್ತಿ ತಪ್ಪಿತು. ಫರ್ಹಾನ ಬಳಿ ಇಸ್ಪೀಟು ರಾಣಿ, ಜೊತೆಗೆ ಒಂದು ಒಂಬತ್ತು. ಅವನಿಗೆ ಜೋಡಿ ಕೂಡಿತ್ತು. ಆದರೂ ಫರ್ಹಾ ಹೊಂಚುಹಾಕಿ, ಏನೂ ಕಟ್ಟದೆ ಚೆಕ್ ಮಾಡಿದ. ಅಭ್ಯಾಸಬಲದ ಆಟಗಾರನಾದರೆ ಇಲ್ಲಿ ಕಟ್ಟಿಯೇಬಿಡುತ್ತಿದ್ದ. ಮನಿಮೇಕರ್ ತಾನೂ ಚೆಕ್ ಎಂದ. ನನಗೆ ಎಲ್ಲಕ್ಕಿಂತ ರುಚಿಸುವುದು ಈ ಸುಮ್ಮನಿರುವಿಕೆ. ಇಂಥ ಸಣ್ಣ ಎಲೆಗಳ ಫ್ಲಾಪ್ ಪಣಕ್ಕೆ ಒಪ್ಪಿ ಬಂದವನಿಗೇ ಹೆಚ್ಚು ಒಗ್ಗುತ್ತದೆ. ಕಟ್ಟಿ, ಎದುರಿನವನು ಮೇಲೇರಿಸಿದರೆ, ಬರೀ ರಾಜನನ್ನು ನಂಬಿ ಮುಂದೆ ಹೋಗುವುದು ಹೇಗೆ?

ಟರ್ನ್‌ನಲ್ಲಿ ಇಸ್ಪೀಟು ಎಂಟು. ಈಗ ಮನಿಮೇಕರ್ ಬಳಿ ನಾಲ್ಕು ಇಸ್ಪೀಟು (ಐದಾದರೆ ಫ್ಲಶ್), ಮೇಲಾಗಿ ಆರು-ಏಳು-ಎಂಟು-ಒಂಬತ್ತರ ಸರಣಿ. ಅವನಿಗೆ ಕಾಣದ 46 ಎಲೆಗಳಲ್ಲಿ 15 ಕೈಯನ್ನು ಪೂರ್ತಿ ಮಾಡುವಂಥವು. ಫರ್ಹಾ ಮೂರು ಲಕ್ಷ ಚಿಪ್ಸ್ ಕಟ್ಟಿದ. ಮನಿಮೇಕರ್ ಎಂಟು ಲಕ್ಷಕ್ಕೆ ಏರಿಸಿದ. ಎರಡು ಇಸ್ಪೀಟು ಎಲೆ ಹಿಡಿದು ಕಾದು ಕೂತವನೂ ಹೀಗೇ ಆಡುತ್ತಾನೆ. ಅವನ ಪಣ ಹೇಳುವ ಕಥೆಗೆ ಎಲ್ಲೂ ತೇಪೆ ಕಾಣದು. ಫರ್ಹಾ ಆ ಪಣಕ್ಕೆ ಒಪ್ಪಿದ.

ರಿವರ್: ಆಟೀನು ಮೂರು. ಏನೂ ಆಗಲಿಲ್ಲ. ಫರ್ಹಾ ಚೆಕ್, ಮನಿಮೇಕರ್ ಇದ್ದದ್ದೆಲ್ಲ ಕಟ್ಟಿ ಆಲ್ ಇನ್.

ಮೇಜಿನಂಚಿನ ಪುಟ್ಟ ಕ್ಯಾಮೆರಾದಿಂದಾಗಿ ಟೀವಿ ನೋಡುವ ನಮಗೆ ಇಬ್ಬರ ಎಲೆಗಳೂ ಗೊತ್ತು. ಫರ್ಹಾನಿಗೆ ಕಾಣುವುದು ಟೋಪಿ, ಕಪ್ಪು ಕನ್ನಡಕ, ಅಲುಗದ ಮುಖ. ಯೋಚಿಸಿದ. ಫ್ಲಶ್ ತಪ್ಪಿಹೋಗಿರಬೇಕು ಎಂದು ಬಾಯಿಬಿಟ್ಟು ಹೇಳಿಯೂ ನೋಡಿದ. ಸತ್ಯ ನಾಲಿಗೆಯ ತುದಿಗೆ ಬಂದಿತ್ತು, ಗೆಲ್ಲುವ ಎಲೆಯೂ ಕೈಯಲ್ಲಿತ್ತು. ಆದರೂ ಎಸೆದುಬಿಟ್ಟ.

ಪಂದ್ಯ ಮುಗಿದದ್ದು ಆಮೇಲೆ, ಮನಿಮೇಕರ್‌ಗೆ ಐದು-ನಾಲ್ಕು ಫುಲ್ ಹೌಸ್ ಆದಾಗ. ಪ್ರಶಸ್ತಿ ತಂದುಕೊಟ್ಟ ಕೈ ಅದೇ ಆದರೂ ನಾನು ಅದನ್ನು ಓಡಿಸಿಕೊಂಡೇ ನೋಡುತ್ತೇನೆ.