ಗಂಟುಮೂಟೆಗೆ ಸೇರದ ದಾದಿ

ಮೈಸೂರಿನವರಾದ ಎಂ.ಎಸ್. ಸತ್ಯು ಅವರ ‘ಗರ್ಮ್ ಹವಾ’ ದೇಶವಿಭಜನೆಯ ಚಿತ್ರವೆಂದೇ ಹೆಸರಾಗಿದೆ. ಆದರೆ ಮತ್ತೊಮ್ಮೆ ನೋಡಿದಾಗ ನಮಗೆ ಅದು ಮನೆ ಖಾಲಿ ಮಾಡುವವರ ಚಿತ್ರವಾಗಿ ಕಂಡಿತು. ಇಸ್ಮತ್ ಚುಗ್ತಾಯಿ ಅವರ ಅಪ್ರಕಟಿತ ಕಥೆಯನ್ನಾಧರಿಸಿ ಕೈಫಿ ಆಜ್ಮಿ ಮತ್ತು ಶಮಾ ಜೈದಿ ಚಿತ್ರಕಥೆ ಬರೆದರು. ಸೆನ್ಸಾರ್‌ನವರು ತಿಂಗಳುಗಟ್ಟಲೆ ತಡೆಹಿಡಿದಿದ್ದ ಈ ಚಿತ್ರ 1974ರಲ್ಲಿ ಮೊದಲು ತೆರೆ ಕಂಡದ್ದು ಬೆಂಗಳೂರಿನಲ್ಲಿ.

ಆಗ್ರಾದಲ್ಲಿ ಶೂ ತಯಾರಿಸುವ ಸಲೀಂ ಮಿರ್ಜಾನ (ಬಲರಾಜ್ ಸಾಹ್ನಿ) ಅಣ್ಣ ಪಾಕಿಸ್ತಾನಕ್ಕೆ ಹೊರಟುಹೋಗುತ್ತಾನೆ. ಹವೇಲಿ ಅವನ ಹೆಸರಿನಲ್ಲಿದ್ದುದರಿಂದ ಅದು ವಲಸೆ ಹೋದವರ ಆಸ್ತಿಯಾಗಿ, ಸಿಂಧ್‌ನಿಂದ ಮನೆಮಠ ಕಳೆದುಕೊಂಡು ಬಂದ ಅಜ್ಮಾನಿಯ ಪಾಲಾಗುತ್ತದೆ. ಇಲ್ಲೇ ಉಳಿದ ತಮ್ಮ ಬಾಡಿಗೆ ಮನೆ ಹುಡುಕಬೇಕು. ಹೆಸರು ಕೇಳಿದೊಡನೆ ಮನೆಯೊಡೆಯರ ಮುಖ ಬದಲಾಗುತ್ತದೆ. ನಮ್ಮ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಯಾವುದನ್ನು ಒಯ್ಯಬೇಕು, ಯಾವುದನ್ನು ಬಿಡಬೇಕು ಎಂದು ಕುಳಿತು ಯೋಚಿಸುವುದು ತಾವಾಗಿ ಹೊರಟವರಿಗಷ್ಟೇ ಸಿಗುವ ಭಾಗ್ಯ. ಬದರ್ ಬೇಗಂ ಅಭಿನಯಿಸಿದ ದಾದಿ ಮನೆ ಬಿಡಲಾರದೆ ಸೌದೆ ಇಡುವ ಜಾಗದಲ್ಲಿ ಅಡಗಿಕೊಳ್ಳುತ್ತಾಳೆ. ಅವಳನ್ನು ಹುಡುಕಿ ಎತ್ತಿಕೊಂಡು ತರಬೇಕಾಗುತ್ತದೆ, ಮರೆತುಹೋಗಿದ್ದ ಕೊನೆಯ ಪೆಟ್ಟಿಗೆಯನ್ನು ತಂದ ಹಾಗೆ. ಇಸ್ಮತ್ ಅವರದೇ ‘ಜಡೇಂ’ ಕಥೆಯ ಅಮ್ಮನೂ ಹೀಗೆ ಹಟ ಹಿಡಿದವಳು. ಅಲ್ಲಿ ನೆರೆಮನೆಯ ಡಾಕ್ಟರ್ ರೂಪಚಂದ್ ಹೊರಟವರನ್ನೆಲ್ಲ ಹಿಂದಕ್ಕೆ ಕರೆತರುತ್ತಾನೆ. ಚಿತ್ರದಲ್ಲಿ ಅಷ್ಟು ದಯೆಯಿಲ್ಲ. ದಾದಿಯ ಪ್ರಾಣ ಹೋಗದೆ ತೊಳಲುವಾಗ ಡೋಲಿಯಲ್ಲಿ ಹವೇಲಿಗೆ ಒಯ್ಯುತ್ತಾರೆ. ಮದುಮಗಳಾಗಿ ಬಂದ ದಿನವನ್ನು ನೆನೆಯುತ್ತಲೇ ಅವಳು ಕಣ್ಣು ಮುಚ್ಚುತ್ತಾಳೆ. ಬೇರೆ ನಿರ್ದೇಶಕರಾಗಿದ್ದರೆ ಅವಳ ಕೈಗೊಂದು ಹಳೆಯ ಪಾನ್‌ದಾನ್ ಕೊಟ್ಟು ನಮ್ಮನ್ನು ಅಳಿಸುತ್ತಿದ್ದರು. ಸತ್ಯು ಆ ಆಸೆಗೆ ಬಿದ್ದಿಲ್ಲ. ಪಾನ್‌ದಾನ್ ಎಲ್ಲಿಗಾದರೂ ಬರುತ್ತದೆ, ಅದನ್ನಿಟ್ಟಿದ್ದ ಗೋಡೆಗೂಡು ಬರುವುದಿಲ್ಲವಲ್ಲ!

ವಸ್ತುವೊಂದು ಈ ಚಿತ್ರದಲ್ಲಿ ಮಾತನಾಡುವುದು ಅಮೀನಾಳ ಮದುವೆಯ ದುಪ್ಪಟ್ಟಾದ ಮೂಲಕ. ಇಬ್ಬರು ಹುಡುಗರೂ ಕೈಗೆ ಸಿಗದೆ ಹೋದ ಮೇಲೆ ಆ ಮನೆಯಲ್ಲಿ ಅದನ್ನು ಇಟ್ಟುಕೊಳ್ಳುವುದಕ್ಕೂ ಆಗುವುದಿಲ್ಲ, ಬಿಸಾಡುವುದಕ್ಕೂ ಆಗುವುದಿಲ್ಲ. ಅದನ್ನು ಹೊದ್ದುಕೊಂಡೇ ಅವಳು ಸಾಯುತ್ತಾಳೆ.

ಮನೆ ಬದಲಿಸುವಾಗ ಹಿರಿಯರ ಉರ್ದು ಪುಸ್ತಕಗಳ ಮುಂದೆ ನಿಂತು, ‘ಮಕ್ಕಳಿಗೆ ಓದಲು ಬರುವುದಿಲ್ಲವಲ್ಲ’ ಎಂದು ನಾವೂ ಕೈ ಹಿಂದಕ್ಕೆಳೆದವರೇ. ಕೊನೆಗೆ ಮದರಸಾಕ್ಕೆ ಕೊಟ್ಟೆವು. ನಮ್ಮನ್ನು ಯಾರೂ ಹೊರದಬ್ಬಿರಲಿಲ್ಲ. ಹಾಗಾಗಿ ದಾದಿಯ ಮುಂದೆ ನಮಗೆ ಸ್ವಲ್ಪ ನಾಚಿಕೆಯೇ ಆಯಿತು.

ಚಿತ್ರದ ಕೊನೆಯ ಬಗ್ಗೆ ಮಾತ್ರ ನಮ್ಮದೊಂದು ತಕರಾರಿದೆ. ಪಾಕಿಸ್ತಾನಕ್ಕೆಂದು ಸಾಮಾನು ಹೇರಿಕೊಂಡು ಟಾಂಗಾದಲ್ಲಿ ಹೊರಟಾಗ ದಾರಿಯಲ್ಲಿ ಮೆರವಣಿಗೆ ಎದುರಾಗುತ್ತದೆ. ಮಗ ಸಿಕಂದರ್ ಇಳಿದು ಸೇರುತ್ತಾನೆ. ಹೆಂಡತಿ ಜಮೀಲಾಳನ್ನು ಮನೆಗೆ ಮರಳಲು ಹೇಳಿ ಮಿರ್ಜಾನೂ ಇಳಿಯುತ್ತಾನೆ. ಕೆಂಬಾವುಟಗಳ ನಡುವೆ ಅಪ್ಪ ಮಗ ಸೇರಿಹೋಗುವುದನ್ನು ಕೊಂಡಾಡದ ವಿಮರ್ಶಕರಿಲ್ಲ. ಆದರೆ ಅಮೀನಾಳನ್ನು ಕಳೆದುಕೊಂಡ ಶೌಕತ್ ಆಜ್ಮಿಯ ಜಮೀಲಾ ಆ ಗಂಟುಮೂಟೆಗಳೊಂದಿಗೆ ಒಬ್ಬಳೇ ಹಿಂತಿರುಗುತ್ತಾಳೆ. ಕಟ್ಟಿದ್ದನ್ನೆಲ್ಲ ಬಿಚ್ಚುವವಳು ಅವಳೇ. ಮಗಳ ಬಟ್ಟೆಯೂ ಅದರೊಳಗೆ ಎಲ್ಲೋ ಇದ್ದೀತು. ಮೆರವಣಿಗೆಯ ಹಿಂದೆ ಹೋದ ಕ್ಯಾಮೆರಾ ಆ ಟಾಂಗಾದ ಜೊತೆಗೂ ಎರಡು ನಿಮಿಷ ಹೋಗಬಹುದಿತ್ತು.