ಅಂಡದಾನವೂ ಅಣುವ್ರತವೂ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳನ್ನು ಶ್ರಾವಕರ ಮನೆಗಳಲ್ಲಿ ಮಕ್ಕಳೂ ಬಲ್ಲರು. ಈಚೆಗೆ ಐದನೆಯ ದಾನವೊಂದರ ಹೆಸರು ಇವೇ ಮನೆಗಳ ಒಳಕೋಣೆಗಳಲ್ಲಿ ತಗ್ಗಿದ ದನಿಯಲ್ಲಿ ಕೇಳಿಬರುತ್ತಿದೆ. ಅದು ಅಂಡದಾನ. ಸ್ವಂತ ಅಂಡಾಣುಗಳಿಂದ ಗರ್ಭ ನಿಲ್ಲದ ಸ್ತ್ರೀಗೆ ಇನ್ನೊಬ್ಬ ಸ್ತ್ರೀಯ ಅಂಡಾಣುವನ್ನು ಪಡೆದು, ಪತಿಯ ವೀರ್ಯದೊಡನೆ ಪ್ರಯೋಗಾಲಯದಲ್ಲಿ ಸಂಯೋಗಗೊಳಿಸಿ, ಆದ ಭ್ರೂಣವನ್ನು ಆಕೆಯ ಗರ್ಭಾಶಯದಲ್ಲಿ ಇರಿಸುವ ಚಿಕಿತ್ಸೆಯಿದು. ಇದಕ್ಕಾಗಿ ಉಡುಪಿ, ಕಾಪು, ಕಾರ್ಕಳಗಳ ಮನೆತನಗಳವರು ಪರದೇಶದ ಚಿಕಿತ್ಸಾಲಯಗಳ ಕೈಪಿಡಿಗಳನ್ನು ತರಿಸಿ ಓದುವ ಕಾಲ ಬಂದಿದೆ. ಈ ವ್ಯವಹಾರವನ್ನು ಸಾರಾಸಗಟಾಗಿ ಪಾಪವೆನ್ನುವ ಹಿರಿಯರಿದ್ದಾರೆ. ಇದು ಕೇವಲ ವೈದ್ಯವಿಷಯವೆಂದು ಕೈತೊಳೆದುಕೊಳ್ಳುವ ತರುಣರೂ ಇದ್ದಾರೆ. ಎರಡೂ ನಿಲುವುಗಳು ವಿಮರ್ಶೆಯನ್ನು ಬೇಡುತ್ತವೆ.

ಪ್ರನಾಳ ಶಿಶುವಿನ ಚರಿತ್ರೆ ನಮ್ಮ ದೇಶಕ್ಕೆ ಹೊಸದಲ್ಲ. ೧೯೭೮ರ ಜುಲೈ ೨೫ರಂದು ಇಂಗ್ಲೆಂಡಿನಲ್ಲಿ ಇಂತಹ ಮೊದಲ ಶಿಶು ಜನಿಸಿತು. ಅದೇ ವರ್ಷ ಅಕ್ಟೋಬರ್ ೩ರಂದು ಕಲ್ಕತ್ತೆಯಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ಎರಡನೆಯದು ಜನಿಸಿತು. ಆ ವೈದ್ಯರ ಮಾತನ್ನು ಅಂದಿನ ಅಧಿಕಾರಿವರ್ಗ ನಂಬಲಿಲ್ಲ. ೧೯೮೧ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಅಮೆರಿಕದಲ್ಲಿ ದಾನದ ಅಂಡಾಣುವಿನಿಂದ ಮೊದಲ ಶಿಶು ಜನಿಸಿದ್ದು ೧೯೮೪ರಲ್ಲಿ. ಕಾರ್ಕಳದಿಂದ ಒಂದು ಗಂಟೆಯ ದಾರಿಯಲ್ಲಿರುವ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಐವಿಎಫ್ ಚಿಕಿತ್ಸೆ ದಶಕಗಳಿಂದ ನಡೆದಿದೆ; ಭ್ರೂಣಶಾಸ್ತ್ರದ ತಜ್ಞರನ್ನು ತರಬೇತುಗೊಳಿಸುವ ವಿಭಾಗವೂ ಅಲ್ಲಿದೆ. ಹೀಗಿದ್ದೂ ಸಮುದ್ರ ದಾಟುವುದೇಕೆ?

ಮೊದಲ ಕಾರಣ ಗುಟ್ಟು. ಹತ್ತಿರದ ಆಸ್ಪತ್ರೆಯಲ್ಲಿ ಚೀಟಿ ಬರೆಯುವವಳು ಸೋದರತ್ತೆಯ ಸೊಸೆಯಾಗಿರಬಹುದು, ದಾದಿ ಬಸದಿಯ ಪಕ್ಕದ ಮನೆಯವಳಾಗಿರಬಹುದು ಎಂಬ ಭಯ. ಎರಡನೆಯ ಕಾರಣ ಉದ್ಯೋಗ. ಕರಾವಳಿಯ ಎಷ್ಟೋ ದಂಪತಿಗಳು ಗಲ್ಫ್ ನಾಡುಗಳಲ್ಲಿದ್ದಾರೆ. ಸುನ್ನಿ ಧರ್ಮಶಾಸ್ತ್ರಜ್ಞರ ಅಭಿಮತವನ್ನು ಅನುಸರಿಸುವ ಸೌದಿ ಅರೇಬಿಯದಂತಹ ದೇಶಗಳಲ್ಲಿ ಪರರ ಅಂಡಾಣುವಿಗೆ ಅವಕಾಶವಿಲ್ಲ. ಮೂರನೆಯ ಕಾರಣ ಭಾರತದ ಕಾಯಿದೆ. ೨೦೨೧ರ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ನಿಯಂತ್ರಣ ಕಾಯಿದೆ ೨೦೨೨ರ ಜನವರಿ ೨೫ರಿಂದ ಜಾರಿಯಲ್ಲಿದೆ. ಅಂಡಾಣು ನೀಡುವವಳ ವಯಸ್ಸು ೨೩ರಿಂದ ೩೫ರೊಳಗಿರಬೇಕು. ಜೀವಮಾನದಲ್ಲಿ ಒಮ್ಮೆ ಮಾತ್ರ ನೀಡಬಹುದು. ಆಕೆಯಿಂದ ೭ಕ್ಕಿಂತ ಹೆಚ್ಚು ಅಂಡಾಣುಗಳನ್ನು ತೆಗೆಯಕೂಡದು. ಅವು ಒಂದೇ ದಂಪತಿಗೆ ಸಲ್ಲಬೇಕು. ಚಿಕಿತ್ಸೆ ಪಡೆಯುವ ಸ್ತ್ರೀ ೫೦ರೊಳಗೆ, ಪುರುಷ ೫೫ರೊಳಗೆ ಇರಬೇಕು. ಇಷ್ಟು ಕಟ್ಟಳೆಗಳಿದ್ದಲ್ಲಿ ದಾನಿಗಳು ವಿರಳವಾಗುವುದೂ ಕಾಯುವ ಅವಧಿ ಬೆಳೆಯುವುದೂ ಸಹಜ.

ಇನ್ನು ಆ ಕೈಪಿಡಿಗಳನ್ನೇ ಲೆಕ್ಕಪತ್ರದಂತೆ ಓದಬೇಕು. ಅವುಗಳ ಮೊದಲ ಪುಟದಲ್ಲಿ ಕಾಣುವುದು ಯಶಸ್ಸಿನ ಶೇಕಡಾವಾರು. ಉದಾಹರಣೆಗೆ, ೧೦೦ ದಂಪತಿಗಳು ಚಿಕಿತ್ಸೆ ಆರಂಭಿಸಿದರು. ೮೦ ಮಂದಿಗೆ ಭ್ರೂಣವನ್ನಿರಿಸಲಾಯಿತು. ೫೦ ಮಂದಿಗೆ ಗರ್ಭ ನಿಂತಿತು. ೪೦ ಮಂದಿಗೆ ಮಗು ಜನಿಸಿತು ಎಂದಿಟ್ಟುಕೊಳ್ಳೋಣ. ಗರ್ಭ ನಿಂತವರನ್ನು ಭ್ರೂಣವಿರಿಸಿದವರಿಂದ ಭಾಗಿಸಿದರೆ ಶೇಕಡಾ ೬೨ಕ್ಕೂ ಹೆಚ್ಚು. ಜನಿಸಿದ ಮಕ್ಕಳನ್ನು ಆರಂಭಿಸಿದವರಿಂದ ಭಾಗಿಸಿದರೆ ಶೇಕಡಾ ೪೦. ಎರಡೂ ಸುಳ್ಳಲ್ಲ. ಆದರೆ ಬಂಡವಾಳ ಹೂಡುವವನಿಗೆ ಬೇಕಾದ ಅಂಕಿ ಎರಡನೆಯದು; ಮುದ್ರಿತವಾಗುವುದು ಸಾಮಾನ್ಯವಾಗಿ ಮೊದಲನೆಯದು. ಇದಲ್ಲದೆ, ಫಲ ಬಹುಮಟ್ಟಿಗೆ ಅವಲಂಬಿಸಿರುವುದು ಅಂಡಾಣು ನೀಡಿದವಳ ವಯಸ್ಸನ್ನು. ತರುಣಿಯ ಅಂಡಾಣುವಿನಿಂದ ಬಂದ ಫಲವನ್ನು ಚಿಕಿತ್ಸಾಲಯದ ಕೈಚಳಕವೆಂದು ತೋರಿಸುವುದು ಒಬ್ಬರ ಜಮೆಯನ್ನು ಇನ್ನೊಬ್ಬರ ಖಾತೆಗೆ ಬರೆದಂತೆ.

ಆ ತರುಣಿ ಯಾರು? ಕೈಪಿಡಿಯಲ್ಲಿ ಆಕೆಯ ಮುಖವಿಲ್ಲ. ಕಣ್ಣಿನ ಬಣ್ಣ, ಎತ್ತರ, ಓದು ಇವುಗಳ ಪಟ್ಟಿಯಷ್ಟೇ ಉಂಟು. ಆಕೆ ಹತ್ತು ಹನ್ನೆರಡು ದಿನ ಚುಚ್ಚುಮದ್ದು ಪಡೆಯುತ್ತಾಳೆ. ಸಾಮಾನ್ಯವಾಗಿ ತಿಂಗಳಿಗೆ ಒಂದರಂತೆ ಪಕ್ವವಾಗುವ ಅಂಡಾಣುಗಳು ಒಮ್ಮೆಲೇ ಹಲವು ಪಕ್ವವಾಗುತ್ತವೆ. ಬಳಿಕ ಅರಿವಳಿಕೆ ಕೊಟ್ಟು ಸೂಜಿಯಿಂದ ಅವನ್ನು ಹೀರಿ ತೆಗೆಯಲಾಗುತ್ತದೆ. ಹೆಚ್ಚಿನವರು ಕುಶಲದಿಂದ ಮನೆಗೆ ಮರಳುತ್ತಾರೆ. ಕೆಲವರಲ್ಲಿ ಅಂಡಾಶಯಗಳು ಅತಿಯಾಗಿ ಊದಿಕೊಂಡು ಹೊಟ್ಟೆಯಲ್ಲಿ ನೀರು ತುಂಬುವ ವ್ಯಾಧಿ ತಲೆದೋರುತ್ತದೆ. ಅದು ತೀವ್ರವಾದರೆ ಪ್ರಾಣಾಪಾಯ. ೨೦೧೪ರಲ್ಲಿ ದಿಲ್ಲಿಯಲ್ಲಿ ಅಂಡಾಣು ನೀಡಿದ ತರುಣಿಯೊಬ್ಬಳು ಮೃತಳಾದದ್ದು ಪತ್ರಿಕೆಗಳಲ್ಲಿ ಪ್ರಕಟವಾದ ಸಂಗತಿ. ಈಗಿನ ಕಾಯಿದೆ ಚಿಕಿತ್ಸೆ ಪಡೆಯುವ ದಂಪತಿಗಳೇ ದಾನಿಗೆ ೧೨ ತಿಂಗಳ ವಿಮೆ ಮಾಡಿಸಬೇಕೆಂದು ವಿಧಿಸಿರುವುದರ ಹಿನ್ನೆಲೆ ಇಂತಹ ಅಪಾಯಗಳು.

ತತ್ತ್ವಾರ್ಥಸೂತ್ರವು ಏಳನೆಯ ಅಧ್ಯಾಯದ ಕೊನೆಯಲ್ಲಿ ದಾನವನ್ನು ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕು ಅಳತೆಗಳಿಂದ ತೂಗುತ್ತದೆ. ಅಂಡದಾನದಲ್ಲಿ ಪಾತ್ರರ ದುಃಖ ನಿಜ, ದ್ರವ್ಯ ಅಮೂಲ್ಯ. ವಿಧಿ ಮತ್ತು ದಾತೃ ಇವೆರಡರಲ್ಲಿಯೇ ಸಂಶಯ. ಸಾಲದ ಕಂತು ಕಟ್ಟಲೆಂದು ಅಥವಾ ಕಾಲೇಜಿನ ಶುಲ್ಕಕ್ಕೆಂದು ದೇಹವನ್ನೊಡ್ಡಿದವಳನ್ನು ದಾತೃವೆಂದು ಕರೆಯಬಹುದೆ? ಅಮೆರಿಕದಲ್ಲಿ ಅಂಡಾಣುವಿನ ಬೆಲೆಗೆ ಕೇಂದ್ರ ಶಾಸನದ ಮಿತಿಯಿಲ್ಲ. ಬ್ರಿಟನ್ನಿನಲ್ಲಿ ಪರಿಹಾರದ ಮೊತ್ತ ಸಾವಿರ ಪೌಂಡಿನೊಳಗೆ ನಿಗದಿಯಾಗಿದೆ. ಜರ್ಮನಿ ೧೯೯೦ರ ಭ್ರೂಣ ಸಂರಕ್ಷಣಾ ಶಾಸನದಿಂದ ಅಂಡದಾನವನ್ನೇ ನಿಷೇಧಿಸಿದೆ. ಬೆಲೆ ಕಟ್ಟಿದ ಮಾತ್ರಕ್ಕೆ ಕಾರ್ಯ ಪಾಪವಾಗದು. ವ್ಯಾಪಾರವೂ ಶ್ರಾವಕನಿಗೆ ವಿಹಿತವೇ. ಆದರೆ ಕ್ರಯವನ್ನು ದಾನವೆಂದು ಕರೆದಾಗ ಕೊಂಡವನ ಹೊಣೆ ಮರೆಯಾಗುತ್ತದೆ. ಕಾಪುವಿನ ಮದ್ದ ಹೆಗ್ಗಡೆ ೧೬ನೆಯ ಶತಮಾನದಲ್ಲಿ ಧರ್ಮನಾಥ ಬಸದಿಗೆ ಬಿಟ್ಟ ಭೂಮಿಯ ವಿಷಯ ತಾಮ್ರಶಾಸನದಲ್ಲಿದೆ. ಅಲ್ಲಿ ದಾತೃ, ದ್ರವ್ಯ, ಪಾತ್ರ ಮೂರೂ ಬಹಿರಂಗ. ದಾತೃವಿನ ಹೆಸರೇ ಅಳಿಸಿಹೋಗಬೇಕೆಂಬ ಕರಾರಿನ ಮೇಲೆ ನಿಂತ ವ್ಯವಹಾರಕ್ಕೆ ಅದೇ ಶಬ್ದವನ್ನು ಹಚ್ಚುವ ಮುನ್ನ ಕ್ಷಣಕಾಲ ತಡೆಯುವುದು ಲೇಸು.

ಅಹಿಂಸಾಣುವ್ರತದ ಪ್ರಶ್ನೆ ಇದಕ್ಕಿಂತ ಕಠಿಣ. ಹೆಚ್ಚು ಅಂಡಾಣು ದೊರೆತಷ್ಟೂ ಹೆಚ್ಚು ಭ್ರೂಣಗಳು. ಗರ್ಭಾಶಯದಲ್ಲಿ ಇರಿಸುವುದು ಒಂದನ್ನು ಅಥವಾ ಎರಡನ್ನು. ಉಳಿದವುಗಳನ್ನು ದ್ರವ ಸಾರಜನಕದಲ್ಲಿ, ಮೈನಸ್ ೧೯೬ ಡಿಗ್ರಿ ಶೈತ್ಯದಲ್ಲಿ ಕಾಪಿಡುತ್ತಾರೆ. ಭಾರತದ ಕಾಯಿದೆಯಂತೆ ೧೦ ವರ್ಷಗಳ ಅನಂತರ ಅವು ನಾಶಕ್ಕೆ ಅಥವಾ ಸಮ್ಮತಿಯಿದ್ದರೆ ಸಂಶೋಧನೆಗೆ. ಬ್ರಿಟನ್ನಿನಲ್ಲಿ ೨೦೨೨ರಿಂದ ಹತ್ತು ವರ್ಷಕ್ಕೊಮ್ಮೆ ಸಮ್ಮತಿ ನವೀಕರಿಸುತ್ತ ೫೫ ವರ್ಷಗಳವರೆಗೆ ಇರಿಸಬಹುದು. ಜೀವವು ಯಾವ ಕ್ಷಣದಲ್ಲಿ ಭ್ರೂಣವನ್ನು ಪ್ರವೇಶಿಸುವುದೆಂಬುದರಲ್ಲಿ ಸಂಶಯವಿದ್ದವನೂ ಅಲ್ಲಿ ಜೀವವಿಲ್ಲವೆಂದು ಪ್ರತಿಜ್ಞೆ ಮಾಡಲಾರ. ಸಂಶಯವಿದ್ದಲ್ಲಿ ನೀರನ್ನು ಸೋಸಿ ಕುಡಿಯುವ, ಸೂರ್ಯಾಸ್ತದ ಮುನ್ನ ಉಣ್ಣುವ ಸಮಾಜ, ಪರದೇಶದ ಶೈತ್ಯಾಗಾರದಲ್ಲಿ ಬಾಡಿಗೆ ಕಟ್ಟಿ ಮರೆತ ಸರಕಿನಂತೆ ಭ್ರೂಣಗಳನ್ನು ಬಿಟ್ಟು ಬರಬಹುದೆ? ಅವನ್ನು ಸ್ವಂತ ಬಳಕೆಗಾಗಿ ಗಡಿ ದಾಟಿಸಲು ನಮ್ಮ ಕಾಯಿದೆ ರಾಷ್ಟ್ರೀಯ ಮಂಡಳಿಯ ಅನುಮತಿಯನ್ನು ವಿಧಿಸಿದೆ. ಬಿಟ್ಟು ಬರುವುದು ಸುಲಭ, ತರುವುದು ಕಷ್ಟ.

ಈ ದೃಷ್ಟಿಯಿಂದ ನೋಡಿದರೆ, ವೈದ್ಯವ್ಯಾಪಾರಿಗಳು ದೋಷವೆಂದು ಹಳಿಯುವ ೭ರ ಮಿತಿ ಶ್ರಾವಕನ ಕಣ್ಣಿಗೆ ಪರಿಗ್ರಹಪರಿಮಾಣದ ಹಾಗೆ ಕಾಣಬೇಕು. ಅಷ್ಟೇ ಅಂಡಾಣುಗಳಿದ್ದರೆ ದಾನಿಯ ದೇಹಕ್ಕೆ ಭಾರ ಕಡಿಮೆ, ಮಿಗುವ ಭ್ರೂಣಗಳೂ ಕಡಿಮೆ. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವೂ ಒಂದು. ರಾಜ್ಯದ ಕಟ್ಟಳೆಯನ್ನು ದಾಟಿ ಲಾಭ ಗಳಿಸುವುದೆಂದು ವರ್ತಕರು ಅದನ್ನು ತಿಳಿದಿದ್ದಾರೆ. ಪರದೇಶದಲ್ಲಿ ಚಿಕಿತ್ಸೆ ಪಡೆದವನನ್ನು ಭಾರತದ ಕಾಯಿದೆ ದಂಡಿಸುವುದಿಲ್ಲ, ನಿಜ. ಅಲ್ಲಿಯೇ ನೆಲೆಸಿದವರಿಗೆ ಆ ನೆಲದ ನಿಯಮವೇ ನಿಯಮ. ಆದರೆ ಇಲ್ಲಿ ದುರ್ಬಲಳನ್ನು ರಕ್ಷಿಸಲೆಂದೇ ಕಟ್ಟಿದ ಬೇಲಿಯನ್ನು ತಪ್ಪಿಸಿಕೊಳ್ಳಲೆಂದೇ ವಿಮಾನ ಹತ್ತುವುದು ಅತಿಚಾರದ ನೆರಳಿನಿಂದ ಹೊರತಲ್ಲ. ನೆರಳಿನ ಉದ್ದ ಹೋಗುವ ದೇಶದ ಮೇಲೆ ಅವಲಂಬಿಸಿದೆ: ಅಲ್ಲಿ ದಾನಿಗೆ ಇಲ್ಲಿಗಿಂತ ಹೆಚ್ಚಿನ ರಕ್ಷಣೆಯುಂಟೆ, ಕಡಿಮೆಯೆ ಎಂಬುದೇ ಒರೆಗಲ್ಲು.

ಸಮರ್ಥಕರು ಒಂದು ಪುರಾಣಪ್ರಮಾಣವನ್ನು ಮುಂದಿಡುವುದುಂಟು. ಶ್ವೇತಾಂಬರರ ಕಲ್ಪಸೂತ್ರದಂತೆ, ಭಗವಾನ್ ಮಹಾವೀರರ ಗರ್ಭವನ್ನು ೮೨ ದಿನಗಳು ಕಳೆದ ಮೇಲೆ ಹರಿಣೈಗಮೇಷಿಯು ದೇವಾನಂದೆಯಿಂದ ತ್ರಿಶಲೆಗೆ ವರ್ಗಾಯಿಸಿದನು. ಮಥುರೆಯ ಕಂಕಾಲಿ ದಿಬ್ಬದಲ್ಲಿ ನೈಗಮೇಷನ ಶಿಲ್ಪವೂ ದೊರೆತಿದೆ. ಕಾರ್ಕಳ, ಮೂಡಬಿದಿರೆಗಳ ದಿಗಂಬರ ಪರಂಪರೆ ಈ ವೃತ್ತಾಂತವನ್ನು ಒಪ್ಪುವುದಿಲ್ಲ. ಆದ್ದರಿಂದ ಇದು ಇಲ್ಲಿಯವರಿಗೆ ಪ್ರಮಾಣವಾಗಲಾರದು. ದೃಷ್ಟಾಂತವಾಗಿ ಎತ್ತಿಕೊಂಡರೂ ಪೂರ್ಣವಾಗಿ ಓದಬೇಕು. ದೇವಾನಂದೆಯ ಸಮ್ಮತಿಯನ್ನು ಅಲ್ಲಿ ಯಾರೂ ಕೇಳಲಿಲ್ಲ. ಮುಂದೆ ಭಗವತೀಸೂತ್ರದಲ್ಲಿ, ಮಹಾವೀರರನ್ನು ಕಂಡೊಡನೆ ಆಕೆಯ ಎದೆಹಾಲು ಉಕ್ಕಿತೆಂದೂ, ಗೌತಮರು ಕಾರಣ ಕೇಳಲು ಭಗವಂತರು ಆಕೆಯೇ ತಮ್ಮ ತಾಯಿಯೆಂದು ಸಭೆಯಲ್ಲಿಯೇ ನುಡಿದರೆಂದೂ ಇದೆ. ಗುಟ್ಟಿನ ಸಮರ್ಥನೆಗಾಗಿ ಈ ಕಥೆಯನ್ನು ಹಿಡಿದವರಿಗೆ ಕಥೆಯ ಉತ್ತರಾರ್ಧವೇ ಎದುರುಸಾಕ್ಷಿ.

ಇತ್ತ ವಿರೋಧಿಗಳ ವಾದವೂ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ. ತುಳುನಾಡಿನ ಜೈನ ಮನೆತನಗಳಲ್ಲಿ ಅಳಿಯಸಂತಾನದ ಸಂಪ್ರದಾಯ ಬಲವಾಗಿತ್ತು. ೧೪೩೨ರಲ್ಲಿ ಬಾಹುಬಲಿಯನ್ನು ಪ್ರತಿಷ್ಠಾಪಿಸಿದ, ೧೫೮೬ರಲ್ಲಿ ಚತುರ್ಮುಖ ಬಸದಿಯನ್ನು ಕಟ್ಟಿಸಿದ ಕಾರ್ಕಳದ ಭೈರರಸರ ವಂಶದಲ್ಲಿಯೂ ಅಧಿಕಾರ ಸೋದರಿಯ ಸಂತತಿಗೆ ಇಳಿಯುತ್ತಿತ್ತು. ಬಳಿ ತಾಯಿಯಿಂದ ಬರುವುದಾದರೆ, ಅಂಡಾಣು ಬೇರೊಬ್ಬಳದಾದಾಗ ಮಗುವಿನ ಬಳಿ ಯಾವುದು, ಬಸದಿಯ ಆನುವಂಶಿಕ ಮೊಕ್ತೇಸರಿಕೆ ಅದಕ್ಕೆ ಸಲ್ಲುವುದೇ ಎಂದು ಹಿರಿಯರು ಕೇಳುತ್ತಾರೆ. ಪ್ರಶ್ನೆ ಹಗುರವಲ್ಲ, ಅದರ ಉತ್ತರವೂ ಅದೇ ಸಂಪ್ರದಾಯದಲ್ಲಿದೆ. ಹೆಣ್ಣು ಸಂತಾನವಿಲ್ಲದ ಅಳಿಯಸಂತಾನದ ಮನೆಗಳು ಹುಡುಗಿಯನ್ನು ದತ್ತು ಪಡೆದು ಕವರನ್ನು ಮುಂದುವರಿಸಿದ್ದುಂಟು. ರಕ್ತವಿಲ್ಲದ ದತ್ತುಪುತ್ರಿಗೆ ಬಳಿಯನ್ನು ಕೊಟ್ಟ ಮನೆತನ, ಒಂಬತ್ತು ತಿಂಗಳು ತನ್ನ ಮಗಳೇ ಹೊತ್ತು ಹೆತ್ತ ಮಗುವಿಗೆ ನಿರಾಕರಿಸುವುದು ಯಾವ ನ್ಯಾಯ? ಸಿದ್ಧಾಂತದಲ್ಲಿಯೂ ಜೀವವು ತನ್ನ ನಾಮಕರ್ಮ, ಗೋತ್ರಕರ್ಮಗಳನ್ನು ತಾನೇ ಹೊತ್ತು ಬರುತ್ತದೆ, ಮಾತಾಪಿತೃಗಳು ನಿಮಿತ್ತಮಾತ್ರ. ಕಾಯಿದೆಯ ೩೧ನೆಯ ಪ್ರಕರಣವಂತೂ ಇಂತಹ ಮಗುವನ್ನು ಆ ದಂಪತಿಗಳ ಜೈವಿಕ ಸಂತಾನವೆಂದೇ ಪರಿಗಣಿಸುತ್ತದೆ, ದಾನಿಗೆ ಹಕ್ಕಿಲ್ಲ.

ಇಲ್ಲಿ ಪರದೇಶದ ಚಿಕಿತ್ಸೆಯ ಇನ್ನೊಂದು ತೊಡಕು ಎದುರಾಗುತ್ತದೆ. ೩೧ನೆಯ ಪ್ರಕರಣದ ಹಿಂದೆ ಇಲ್ಲಿಯ ನೋಂದಾಯಿತ ಚಿಕಿತ್ಸಾಲಯದ ದಾಖಲೆಗಳಿರುತ್ತವೆ. ಹೊರಗೆ ಚಿಕಿತ್ಸೆ ಪಡೆದು ಊರಿನಲ್ಲಿ ಹೆತ್ತವರು, ಮುಂದೆ ದಾಯಾದಿಗಳು ತಕರಾರು ತೆಗೆದರೆ, ವಿವಾಹಕಾಲದಲ್ಲಿ ಜನಿಸಿದ ಮಗು ದಂಪತಿಗಳದೇ ಎಂಬ ಸಾಕ್ಷ್ಯಶಾಸನದ ಪೂರ್ವಭಾವನೆಯನ್ನು ನೆಚ್ಚಬೇಕು. ಹಿಂದಿನ ೧೧೨ನೆಯ ಪ್ರಕರಣವೇ ೨೦೨೪ರ ಜುಲೈನಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ ೧೧೬ನೆಯ ಪ್ರಕರಣವಾಗಿದೆ. ದೇಶದೇಶಗಳ ಶಾಸನಗಳು ಹೊಂದದಿದ್ದಾಗ ಕಷ್ಟ ಪಡುವುದು ಮಗು. ೨೦೦೮ರ ಮಂಜಿ ಪ್ರಕರಣದಲ್ಲಿ, ಅಜ್ಞಾತ ದಾನಿಯ ಅಂಡಾಣುವಿನಿಂದ ಗುಜರಾತಿನ ಬಾಡಿಗೆ ತಾಯಿಯಲ್ಲಿ ಬೆಳೆದು ಹುಟ್ಟಿದ ಶಿಶು, ಜಪಾನೀ ದಂಪತಿಗಳು ವಿಚ್ಛೇದನ ಪಡೆದಿದ್ದರಿಂದ, ಯಾವ ದೇಶದ ಪ್ರಜೆಯೆಂಬ ನಿಶ್ಚಯವಿಲ್ಲದೆ ಉಳಿಯಿತು. ವಿವಾದ ಸುಪ್ರೀಂ ಕೋರ್ಟಿನವರೆಗೆ ಹೋಯಿತು.

ಆದುದರಿಂದ ಚಿಕಿತ್ಸಾಲಯವನ್ನು ಆಯುವ ಶ್ರಾವಕ ದಂಪತಿಗಳು ಯಶಸ್ಸಿನ ಅಂಕಿಗಿಂತ ಮೊದಲು ಕೇಳಬೇಕಾದ ಪ್ರಶ್ನೆಗಳಿವೆ. ದಾನಿಯ ವಯಸ್ಸೆಷ್ಟು, ಆಕೆ ಎಷ್ಟನೆಯ ಬಾರಿ ನೀಡುತ್ತಿದ್ದಾಳೆ, ಆಕೆಗೆ ವ್ಯಾಧಿಯಾದರೆ ಖರ್ಚು ಯಾರದು? ಎಷ್ಟು ಭ್ರೂಣಗಳನ್ನು ಸೃಷ್ಟಿಸುತ್ತೀರಿ, ಇರಿಸಲಿರುವಷ್ಟನ್ನೇ ಸೃಷ್ಟಿಸಲು ಒಪ್ಪುವಿರಾ? ಮಗು ಬೆಳೆದು ಕೇಳಿದರೆ ಉತ್ತರ ಕೊಡುವ ದಾಖಲೆ ಉಳಿಯುವುದೆ? ಕೊನೆಯ ಪ್ರಶ್ನೆಗೆ ದೇಶಗಳ ಉತ್ತರ ಬೇರೆ ಬೇರೆ. ಸ್ಪೇನಿನ ೨೦೦೬ರ ಶಾಸನ ದಾನಿಯ ಹೆಸರನ್ನು ಮುಚ್ಚಿಡುತ್ತದೆ. ಬ್ರಿಟನ್ನಿನಲ್ಲಿ ೨೦೦೫ರ ಏಪ್ರಿಲ್ ೧ರ ಅನಂತರ ನೋಂದಾಯಿಸಿಕೊಂಡ ದಾನಿಗಳ ಗುರುತನ್ನು, ಅವರಿಂದ ಜನಿಸಿದ ಮಕ್ಕಳು ೧೮ ತುಂಬಿದಾಗ ಕೇಳಿ ತಿಳಿಯಬಹುದು. ಭಾರತದ ಕಾಯಿದೆ ಮಗುವಿಗೆ ಅಂತಹ ಹಕ್ಕನ್ನು ಬರೆದುಕೊಟ್ಟಿಲ್ಲ. ನಮ್ಮ ಕಾಯಿದೆಯ ದೊಡ್ಡ ಕೊರತೆಯಿದು. ಸತ್ಯಾಣುವ್ರತ ತೊಟ್ಟ ತಂದೆತಾಯಿಯರು ಕಾಯಿದೆ ಕೇಳದಿದ್ದರೂ ಹೇಳಬೇಕಾದವರು.

ಅವರು ಹೇಳಲಾರದಿರುವುದಕ್ಕೆ ಸಮಾಜವೇ ಕಾರಣ. ಸೀಮಂತದ ದಿನ ಮುಖ ನೋಡಿ ಪಿಸುಗುಟ್ಟುವ, ನಾಮಕರಣದಂದು ಮೂಗು ಯಾರದೆಂದು ಹುಡುಕುವ ಬಂಧುಗಳ ಭಯವೇ ದಂಪತಿಗಳನ್ನು ಮಣಿಪಾಲದ ಬಾಗಿಲು ದಾಟಿಸಿ, ಭಾಷೆ ತಿಳಿಯದ ಊರಿನಲ್ಲಿ ಸಹಿ ಹಾಕಿಸುತ್ತದೆ. ಬಸದಿಗಳ ಆಡಳಿತ ಮಂಡಳಿಗಳು ಇಲ್ಲಿ ಎರಡು ಕೆಲಸ ಮಾಡಬಹುದು. ನಾಮಕರಣ, ಉಪನಯನ, ಮೊಕ್ತೇಸರಿಕೆ ಇವುಗಳಲ್ಲಿ ಮಗುವಿನ ಹುಟ್ಟಿನ ಬಗೆಯನ್ನು ವಿಚಾರಿಸುವುದಿಲ್ಲವೆಂದು ನಿರ್ಣಯ ಮಾಡಿ ನಡವಳಿ ಪುಸ್ತಕದಲ್ಲಿ ಬರೆಯುವುದು ಒಂದು. ದತ್ತು ಸ್ವೀಕಾರವೂ ಸಂತಾನಮಾರ್ಗವೆಂದು, ತಾಯಿಯಿಲ್ಲದ ಶಿಶುವಿಗೆ ಮನೆ ಕೊಡುವುದು ಅಭಯದಾನಕ್ಕೆ ಸಮೀಪವೆಂದು ಪ್ರವಚನಗಳಲ್ಲಿ ಹೇಳಿಸುವುದು ಇನ್ನೊಂದು. ಹಾಗಾದ ಮೇಲೂ ಕೆಲವರು ಅಂಡಾಣುವಿಗಾಗಿ ಹೋಗುವರು. ಅವರು ತಲೆಯೆತ್ತಿ ಹೋಗಲಿ, ಪ್ರಶ್ನೆ ಕೇಳಿ ಸಹಿ ಹಾಕಲಿ. ಪಡೆದದ್ದಕ್ಕೆ ಬೆಲೆ ತೆತ್ತಿದ್ದರೂ, ಕೊಟ್ಟವಳ ಋಣ ಉಳಿದಿದೆಯೆಂದು ಮಗುವಿಗೆ ತಿಳಿಸಲಿ.